ದೂರದ ಮಗನ ಪಾಲು

ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣಾನದಿಯು ಕರ್ನಾಟಕವನ್ನು ಪ್ರವೇಶಿಸಿ, ಜಮಖಂಡಿಯ ಸೀಮೆಯನ್ನು ದಾಟಿ ಪೂರ್ವಕ್ಕೆ ಹರಿಯುವಾಗ ಅದರ ದಂಡೆಯ ಮೇಲೆ ಗಲಗಲಿ ಎಂಬ ಗ್ರಾಮ ಸಿಗುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿಗೆ ಸೇರಿದ ಈ ಊರು ಗಾಲವ ಋಷಿಗಳ ತಪೋಭೂಮಿಯೆಂದು ಜನರ ನಂಬಿಕೆ. ಸಂಸ್ಕೃತ ವಿದ್ವಾಂಸರ ಮನೆತನಗಳಿಗೆ ಇದು ತವರು. ಹರಿದಾಸ ಪರಂಪರೆಯ ಕವಯಿತ್ರಿಯಾದ ಗಲಗಲಿ ಅವ್ವನ ಹೆಸರಿನಲ್ಲಿಯೂ ಈ ಊರೇ ನೆಲೆಸಿದೆ. ಹೊಳೆ, ಕರಿಯ ಮಣ್ಣಿನ ಹೊಲ, ದೇವರ ಗುಡಿ ಇವು ಮೂರೂ ಕೂಡಿ ಈ ಸೀಮೆಯ ಬಾಳನ್ನು ರೂಪಿಸಿವೆ. ಇವುಗಳೊಂದಿಗೆ ಸೇರಿಕೊಂಡ ನಾಲ್ಕನೆಯ ಸಂಗತಿಯೊಂದುಂಟು. ಅದು ಸೈನ್ಯದ ಸಂಬಂಧ.

ನೆರೆಯ ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಆಳಿದರು. ಎರಡೂ ಮನೆತನಗಳು ದಂಡಿನ ಸರದಾರಿಕೆಯಿಂದ ಮೇಲೆ ಬಂದಂಥವು. ಪಶ್ಚಿಮಕ್ಕಿರುವ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರವು ೧೯೨೨ರಿಂದ ನಡೆದುಬಂದಿದೆ. ಈ ಪಡೆಯ ಮೊದಲ ಪಲಟಣ ಹುಟ್ಟಿದ್ದು ೧೭೬೮ರಲ್ಲಿ. ಉತ್ತರಕ್ಕಿರುವ ವಿಜಯಪುರದಲ್ಲಿ ೧೯೬೩ರಲ್ಲಿ ಸೈನಿಕ ಶಾಲೆ ತೆರೆಯಿತು. ಮುಧೋಳದ ಬೇಟೆನಾಯಿಗಳು ಕೂಡ ೨೦೧೬ರಲ್ಲಿ ಮೇರಠದ ಸೇನಾ ಕೇಂದ್ರಕ್ಕೆ ತರಬೇತಿಗೆಂದು ಹೋದವು! ಹೀಗಿರುವಾಗ ಇಲ್ಲಿಯ ಒಕ್ಕಲುಮಕ್ಕಳೂ ನೇಕಾರರ ಮಕ್ಕಳೂ ಸೇನೆಗೆ ಸೇರಿದರೆ ಆಶ್ಚರ್ಯವಿಲ್ಲ. ಅವರು ಗಡಿಯಲ್ಲಿ ಮಾಡುವ ಕೆಲಸವನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಅವರಿಲ್ಲದ ಮನೆಯಲ್ಲಿ ಹಬ್ಬದ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ಕೇಳುವವರು ಕಡಿಮೆ. ಆ ಮಾತನ್ನು ಇಲ್ಲಿ ವಿಚಾರಿಸೋಣ.

ಮಳೆಗಾಲದ ನಡುವೆ ಬರುವ ನಾಗರ ಪಂಚಮಿಯಿಂದ ದೀಪಾವಳಿಯವರೆಗೆ ನಮ್ಮಲ್ಲಿ ಹಬ್ಬಗಳ ಸಾಲು ಇರುತ್ತದೆ. ಅವುಗಳಲ್ಲಿ ಪಂಚಮಿಯು ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದ ತಂಗಿಯನ್ನು ಕರೆತರಲು ಅಣ್ಣನು ಅವಳ ಗಂಡನ ಮನೆಗೆ ಹೋಗಬೇಕು. ಅವನ ಹಾದಿಯನ್ನು ನೋಡುತ್ತಾ ಅವಳು ದಿನ ಎಣಿಸುತ್ತಾಳೆ. ತವರಿನಲ್ಲಿ ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು, ಜೋಳದ ಅರಳು ಸಿದ್ಧವಾಗುತ್ತವೆ. ಗಿಡಗಳಿಗೆ ಜೋಕಾಲಿ ಕಟ್ಟುತ್ತಾರೆ. ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುತ್ತಾರೆ. ಅಣ್ಣನು ಗಡಿಯಲ್ಲಿರುವಾಗ ಕರೆಯಲು ಬರುವವರು ಯಾರು? ಮುಪ್ಪಿನ ತಂದೆಯೋ ಚಿಕ್ಕ ತಮ್ಮನೋ ಬಂದಾರು. ತಂಗಿ ಅವರೊಡನೆ ನಗುತ್ತಲೇ ಹೊರಡುತ್ತಾಳೆ. ಆದರೂ ಬಸ್ಸಿನಿಂದ ಇಳಿದು ಊರ ಅಗಸೆಯನ್ನು ಹೊಕ್ಕಾಗ ಅವಳ ಕಣ್ಣು ಒಬ್ಬನನ್ನು ಹುಡುಕದೆ ಇರುವುದಿಲ್ಲ.

ಪಂಚಮಿಯಂದು ನಾಗಪ್ಪನಿಗೆ ಹಾಲೆರೆಯುವ ನಮ್ಮ ಪದ್ಧತಿ ಬಹಳ ಅರ್ಥವತ್ತಾದದ್ದು. ಹಾಲನ್ನು ಸುಮ್ಮನೆ ಸುರಿಯುವುದಿಲ್ಲ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರನ್ನೇ ನೆನೆದು ಹನಿಹನಿಯಾಗಿ ಎರೆಯುತ್ತಾರೆ. ಮನೆಯಲ್ಲಿ ಇದ್ದವರಿಗೂ ಪಾಲುಂಟು, ಇಲ್ಲದವರಿಗೂ ಪಾಲುಂಟು. ಮಗನನ್ನು ಸೇನೆಗೆ ಕಳುಹಿಸಿದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಚಿಕ್ಕ ಮೊಮ್ಮಗಳು ಅಜ್ಜಿಯೊಡನೆ ಹಾಲೆರೆಯುತ್ತಿದ್ದಾಳೆ.

"ಯಮ್ಮಾ, ಕಾಕಾ ಇಲ್ಲೇ ಇಲ್ಲಲ್ಲಾ. ಅವರ ಪಾಲು ಯಾಕ ಎರಿಬೇಕು?"

"ಇಲ್ಲೇ ಇದ್ದಾವ್ರು ತಮ್ಮ ಪಾಲು ತಾವ ಎರಕೋತಾರವ್ವಾ. ದೂರ ಇದ್ದಾವನ ಪಾಲು ನಾವ ಎರಿಬೇಕು."

ಅಜ್ಜಿಯ ಈ ಮಾತಿನಲ್ಲಿ ಕುಟುಂಬ ಎಂಬುದರ ಅರ್ಥವೆಲ್ಲ ಅಡಗಿದೆ. ಒಂದೇ ಸೂರಿನ ಕೆಳಗೆ ಇರುವುದರಿಂದ ಮಾತ್ರ ಕುಟುಂಬವಾಗುವುದಿಲ್ಲ. ಇಲ್ಲದವನ ಪಾಲನ್ನು ತೆಗೆದಿರಿಸುವುದರಿಂದ ಅದು ಕುಟುಂಬವಾಗುತ್ತದೆ.

ಪಂಚಮಿ ಕಳೆದ ಹತ್ತು ದಿನಗಳಿಗೆ ನೂಲಹುಣ್ಣಿಮೆ. ರಬಕವಿ-ಬನಹಟ್ಟಿಗಳ ನೇಕಾರರಿಗೆ ನೂಲೇ ಬದುಕು. ಆದ್ದರಿಂದ ಆ ದಿನ ಅವರಿಗೆ ವಿಶೇಷವಾದುದು. ಅದೇ ಹುಣ್ಣಿಮೆಯಂದು ತಂಗಿಯರು ಅಣ್ಣಂದಿರ ಕೈಗೆ ರಾಖಿ ಕಟ್ಟುತ್ತಾರೆ. ಸೈನಿಕನಾದ ಅಣ್ಣನಿಗೆ ಅದು ಟಪಾಲಿನಲ್ಲಿಯೇ ಹೋಗಬೇಕು. ಲಕೋಟೆಯ ಮೇಲೆ ಅವನಿರುವ ಊರಿನ ಹೆಸರು ಬರೆಯುವಂತಿಲ್ಲ. ಸೈನಿಕನ ಸಂಖ್ಯೆ, ಹೆಸರು, ಪಲಟಣದ ಹೆಸರು ಬರೆದು, ಕೊನೆಗೆ ೫೬ ಅಥವಾ ೯೯ ಎಂಬ ಅಂಕಿಯುಳ್ಳ ಸೇನಾ ಅಂಚೆಯ ವಿಳಾಸ ಬರೆದರೆ ಸಾಕು. ದಿಲ್ಲಿ ಮತ್ತು ಕೋಲಕಾತಾಗಳಲ್ಲಿರುವ ಸೇನೆಯ ಮೂಲ ಅಂಚೆ ಕೇಂದ್ರಗಳಿಗೆ ಆ ಪತ್ರಗಳು ಹೋಗಿ, ಅಲ್ಲಿಂದ ಮುಂದೆ ಹಿಮದ ಕಾವಲು ಠಾಣೆಯನ್ನೋ ಮರುಭೂಮಿಯ ಶಿಬಿರವನ್ನೋ ಮುಟ್ಟುತ್ತವೆ. ದಂಡು ಎಲ್ಲಿದೆ ಎಂಬುದು ವೈರಿಗೆ ತಿಳಿಯಬಾರದೆಂಬುದೇ ಈ ಏರ್ಪಾಟಿನ ಉದ್ದೇಶ. ತಾಯಿಗಾದರೋ ಇದು ವಿಚಿತ್ರವಾದ ಪರೀಕ್ಷೆ. ಮಗನ ವಿಳಾಸ ಅವಳಿಗೆ ಬಾಯಿಪಾಠ. ಮಗನಿರುವ ಜಾಗ ಮಾತ್ರ ಅವಳಿಗೆ ತಿಳಿಯದು. ಈಗ ದೂರವಾಣಿಯು ಕೈಯೊಳಗೇ ಬಂದಿರುವುದರಿಂದ ಮಗನ ಮುಖವನ್ನು ಕಾಣುವುದೂ ಸಾಧ್ಯವಾಗಿದೆ. ಆದರೂ ಎತ್ತರದ ಠಾಣೆಗಳಿಂದ ಮಾತು ಸಿಗದ ದಿನಗಳು ಇದ್ದೇ ಇರುತ್ತವೆ. ಆ ದಿನಗಳಲ್ಲಿ ಮನೆಯ ದೇವರ ಮುಂದಿನ ದೀಪಕ್ಕೆ ಒಂದಿಷ್ಟು ಹೆಚ್ಚು ಎಣ್ಣೆ ಬೀಳುತ್ತದೆ.

ಮುಂದೆ ಬರುವುದು ಮಹಾನವಮಿ. ಇದು ಆಯುಧಗಳ ಹಬ್ಬ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಬನ್ನಿಯ ಗಿಡದಲ್ಲಿ ಅಡಗಿಸಿಟ್ಟರೆಂದೂ, ವರ್ಷ ತುಂಬಿದ ಮೇಲೆ ಅರ್ಜುನನು ಅವುಗಳನ್ನು ಇಳಿಸಿಕೊಂಡು ವಿರಾಟನ ಗೋವುಗಳನ್ನು ಬಿಡಿಸಿದನೆಂದೂ ಮಹಾಭಾರತದ ಕಥೆ. ವಿಜಯನಗರದ ಅರಸರು ಮಹಾನವಮಿಯನ್ನು ರಾಜವೈಭವದಿಂದ ಆಚರಿಸುತ್ತಿದ್ದರು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಯಸ್ ಆ ಉತ್ಸವವನ್ನೂ ಅರಸನು ಸೈನ್ಯವನ್ನು ಪರಿಶೀಲಿಸುತ್ತಿದ್ದ ಬಗೆಯನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ವಿಜಯದಶಮಿಯಂದು ಊರ ಗಡಿಯನ್ನು ದಾಟುವ ಸೀಮೋಲ್ಲಂಘನದ ಪದ್ಧತಿಗೆ ಲೌಕಿಕವಾದ ಕಾರಣವೂ ಉಂಟು. ಮಳೆಗಾಲದಲ್ಲಿ ಹೊಳೆಗಳು ತುಂಬಿರುತ್ತಿದ್ದವು; ಎರೆಯ ಮಣ್ಣಿನಲ್ಲಿ ಬಂಡಿಯ ಗಾಲಿ ಹೂತುಹೋಗುತ್ತಿತ್ತು; ಕುದುರೆ ನಡೆಯುತ್ತಿರಲಿಲ್ಲ. ದಸರೆಯ ಹೊತ್ತಿಗೆ ಮಳೆ ಹಿಂಜರಿದು ಹಾದಿಗಳು ತೆರೆಯುತ್ತಿದ್ದವು. ಮರಾಠರ ದಂಡುಗಳು ಆಗಲೇ ಹೊರಡುತ್ತಿದ್ದವು. ಹೀಗೆ ಊರಿಗೆ ಹಬ್ಬದ ದಿನವಾದದ್ದು ದಂಡಿನವನ ಮನೆಗೆ ಅಗಲಿಕೆಯ ದಿನವೂ ಆಗಿತ್ತು.

ಇಂದಿಗೂ ಸೇನೆಯ ಅನೇಕ ಪಲಟಣಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಬಂದೂಕುಗಳನ್ನು ಒರೆಸಿ ಸಾಲಾಗಿ ಇರಿಸಿ ಕುಂಕುಮ ಹಚ್ಚುತ್ತಾರೆ. ಅದೇ ದಿನ ಗಲಗಲಿಯ ರೈತನು ನೇಗಿಲು, ಕೂರಿಗೆ, ಕುಡಗೋಲುಗಳನ್ನು ಪೂಜಿಸುತ್ತಾನೆ; ಬನಹಟ್ಟಿಯ ನೇಕಾರನು ಮಗ್ಗವನ್ನು ಪೂಜಿಸುತ್ತಾನೆ. ಅನ್ನ ಕೊಡುವ ಸಾಧನವೂ ಕಾಪಾಡುವ ಸಾಧನವೂ ಒಂದೇ ದಿನ ಒಂದೇ ಗೌರವವನ್ನು ಪಡೆಯುತ್ತವೆ. ಸಂಜೆಗೆ ಬನ್ನಿ ಮುಡಿಯುವ ಸಂಭ್ರಮ. ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆಯನ್ನಿತ್ತು, ಬಂಗಾರದಂತೆ ಇರೋಣವೆಂದು ಹೇಳಿ ಕಾಲಿಗೆ ಎರಗುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಬನ್ನಿ ಕೊಟ್ಟು ರಾಜಿಯಾಗುತ್ತಾರೆ. ಆಯುಧಗಳನ್ನು ಮರೆಮಾಡಿದ ಗಿಡದ ಎಲೆಯೇ ಸ್ನೇಹದ ಕುರುಹಾಗಿರುವುದು ಎಷ್ಟು ಸೊಗಸು! ಆಯುಧದ ಕೊನೆಯ ಗುರಿ ಶಾಂತಿ ಎಂಬುದನ್ನು ನಮ್ಮ ಹಿರಿಯರು ಒಂದು ಎಲೆಯಲ್ಲಿ ತೋರಿಸಿಕೊಟ್ಟರು. ಗಡಿಯಲ್ಲಿರುವ ಮಗನಿಗೆ ಪತ್ರ ಬರೆಯುವಾಗ ಅದರ ಮಡಿಕೆಯಲ್ಲಿ ಎರಡು ಬನ್ನಿಯ ಎಲೆಗಳನ್ನು ಇರಿಸಿದರೆ, ಸಾವಿರ ಹರದಾರಿಯಾಚೆ ಅವನಿಗೂ ಬಂಗಾರದ ಪಾಲು ಸಂದಂತಾಗುತ್ತದೆ.

ಹಬ್ಬವನ್ನು ಬಿಟ್ಟು ದೂರ ಹೋದವರು ತಮ್ಮೊಡನೆ ಮನೆಯ ಆಚಾರವನ್ನೂ ಕೊಂಡೊಯ್ಯುತ್ತಾರೆ. ಕೆಲವೊಮ್ಮೆ ಆ ಆಚಾರವೇ ಕಠಿಣವಾದ ಪರೀಕ್ಷೆಯನ್ನು ಒಡ್ಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, ಇಂದಿನ ಇರಾಕ್ ದೇಶದ ಟೈಗ್ರಿಸ್ ನದಿಯ ದಂಡೆಯಲ್ಲಿರುವ ಕೂಟ್ ಎಂಬ ಪಟ್ಟಣವನ್ನು ತುರ್ಕರು ೧೯೧೫ರ ಡಿಸೆಂಬರ್ ೭ರಂದು ಮುತ್ತಿದರು. ಒಳಗೆ ಸಿಕ್ಕಿಕೊಂಡ ಬ್ರಿಟಿಷ್-ಭಾರತೀಯ ಸೈನ್ಯದಲ್ಲಿ ಮುಂಬಯಿ ಪ್ರಾಂತದ ಮೂರು ಮರಾಠಾ ಪಲಟಣಗಳಿದ್ದವು. ಮುತ್ತಿಗೆ ಸುಮಾರು ಐದು ತಿಂಗಳು ನಡೆಯಿತು. ಸಂಕ್ರಾಂತಿಯೂ ಯುಗಾದಿಯೂ ಅದರೊಳಗೇ ಕಳೆದುಹೋದವು. ಧಾನ್ಯ ತೀರುತ್ತ ಬಂದಾಗ ಕುದುರೆಗಳನ್ನು ಕೊಂದು ತಿನ್ನಬೇಕಾಯಿತು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. ಧರ್ಮಕ್ಕೆ ವಿರುದ್ಧವೆಂಬ ಶಂಕೆ ಒಂದು ಕಡೆ. ಊರಿಗೆ ಮರಳಿದಾಗ ಜಾತಿಯವರು ಏನೆಂದಾರೋ ಎಂಬ ಅಂಜಿಕೆ ಇನ್ನೊಂದು ಕಡೆ. ಆಪತ್ಕಾಲದಲ್ಲಿ ತಿನ್ನಬಹುದೆಂಬ ಅನುಮತಿಯನ್ನು ಭಾರತದ ಧರ್ಮಮುಖಂಡರಿಂದ ತಂತಿಯಿಲ್ಲದ ಯಂತ್ರದ ಮೂಲಕ ತರಿಸಲಾಯಿತು. ಕೊನೆಗೆ ಹಲವರು ತಿಂದರು. ಕೆಲವರು ತಿನ್ನದೆ ಕೃಶರಾದರು. ೧೯೧೬ರ ಏಪ್ರಿಲ್ ೨೯ರಂದು ಸುಮಾರು ೧೩,೦೦೦ ಮಂದಿ ಶರಣಾದರು. ಅವರಲ್ಲಿ ಅನೇಕರು ಸೆರೆಯಲ್ಲಿಯೇ ತೀರಿಕೊಂಡರು.

ತಿಂದವರು ಸರಿಯೋ, ತಿನ್ನದವರು ಸರಿಯೋ? ಹೊಟ್ಟೆ ತುಂಬಿದ ನಾವು ಇದಕ್ಕೆ ಸುಲಭವಾಗಿ ತೀರ್ಪು ಕೊಡಲಾಗದು. ಅವರು ಪರರ ಸಾಮ್ರಾಜ್ಯಕ್ಕಾಗಿ ಪರದೇಶದಲ್ಲಿ ಹಸಿದಿದ್ದರು. ಅವರದೆಂದು ಹೇಳಬಹುದಾದದ್ದು ಮನೆಯಿಂದ ತಂದ ನಂಬಿಕೆಯೊಂದೇ. ಅದನ್ನು ಕೈಬಿಟ್ಟರೆ ಮನೆಯನ್ನೇ ಕೈಬಿಟ್ಟಂತೆ ಎಂದು ಕೆಲವರಿಗೆ ತೋರಿತು. ಬದುಕಿ ಮನೆಗೆ ಮರಳುವುದೇ ಮನೆಯವರಿಗೆ ಸಲ್ಲಿಸುವ ಧರ್ಮವೆಂದು ಇನ್ನು ಕೆಲವರಿಗೆ ತೋರಿತು. ಎರಡೂ ಕಡೆಯವರ ಮನಸ್ಸಿನಲ್ಲಿ ಇದ್ದದ್ದು ಅದೇ ಮನೆ, ಅದೇ ಅಂಗಳ.

ಆ ದೇಶದಲ್ಲಿಯೇ ಯೂಫ್ರೆಟಿಸ್ ನದಿಯ ಕಡೆಗೆ ಕರ್ಬಲಾ ಇದೆ. ಅಲ್ಲಿ ನಡೆದ ಬಲಿದಾನದ ನೆನಪಿಗಾಗಿ ನಮ್ಮ ಬಾಗಲಕೋಟೆ-ವಿಜಯಪುರಗಳ ಹಳ್ಳಿಗಳಲ್ಲಿ ಮೊಹರಮ್ ನಡೆಯುತ್ತದೆ. ಅಲಾಯಿ ದೇವರ ಮುಂದೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೆಜ್ಜೆ ಹಾಕುತ್ತಾರೆ, ಹರಕೆ ಹೊರುತ್ತಾರೆ. ಹಳ್ಳಿಯಲ್ಲಿ ಹೀಗೆ ಕೂಡಿ ಬಾಳಿದವನಿಗೆ ಸೇನೆಯ ರೀತಿ ಹೊಸದೆನಿಸುವುದಿಲ್ಲ. ಸೇನೆಯಲ್ಲಿ ಬೇರೆ ಬೇರೆ ಮತಗಳ ಧರ್ಮಗುರುಗಳನ್ನು ನೇಮಿಸುತ್ತಾರೆ. ಒಂದೇ ಸೂರಿನ ಕೆಳಗೆ ಎಲ್ಲ ಮತದವರೂ ಪ್ರಾರ್ಥಿಸುವ ಸರ್ವಧರ್ಮಸ್ಥಳಗಳೂ ಅಲ್ಲಿ ಉಂಟು. ಹಬ್ಬ ಬಂದಿತೆಂದು ಗಡಿಯ ಕಾವಲು ನಿಲ್ಲುವಂತಿಲ್ಲ. ಎಲ್ಲರಿಗೂ ಒಮ್ಮೆಗೇ ರಜೆ ದೊರೆಯುವಂತೆಯೂ ಇಲ್ಲ. ಆದ್ದರಿಂದ ರಜೆಗೆ ಸರದಿ ಇರುತ್ತದೆ. ದೀಪಾವಳಿಗೆ ಒಬ್ಬನು ಊರಿಗೆ ಹೋದರೆ ಅವನ ಪಹರೆಯನ್ನು ಇನ್ನೊಬ್ಬನು ಹೊರುತ್ತಾನೆ. ಈದ್ ಬಂದಾಗ ಅವನು ಆ ಋಣವನ್ನು ತೀರಿಸುತ್ತಾನೆ. ಒಬ್ಬನ ಹಬ್ಬವು ಮತ್ತೊಬ್ಬನ ನಿದ್ದೆಗೇಡಿನ ಮೇಲೆ ನಿಂತಿರುತ್ತದೆ. ಅವನ ಮತ ಯಾವುದೆಂದು ಆಗ ಯಾರೂ ಕೇಳುವುದಿಲ್ಲ.

೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು ೧೯,೬೦೦ ಅಡಿ ಎತ್ತರದ ಠಾಣೆಯಲ್ಲಿದ್ದ ಹತ್ತು ಮಂದಿ ಸೈನಿಕರ ಮೇಲೆ ಹಿಮದ ರಾಶಿ ಕುಸಿಯಿತು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನಗಳ ಬಳಿಕ ಅವರು ಜೀವಂತವಾಗಿ ಸಿಕ್ಕಾಗ ನಾಡೆಲ್ಲ ಬೆರಗಾಯಿತು. ಗುಡಿಗಳಲ್ಲಿ, ಮಸೀದಿಗಳಲ್ಲಿ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ಫೆಬ್ರವರಿ ೧೧ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಂದು ಬೆಟದೂರಿನ ಒಂದು ಮನೆಯ ದುಃಖದಲ್ಲಿ ಇಡಿಯ ನಾಡು ಪಾಲು ಪಡೆಯಿತು. ಆದರೆ ನಾಡಿನ ದುಃಖ ಕೆಲವು ದಿನಗಳಲ್ಲಿ ಕರಗುತ್ತದೆ. ಮನೆಯ ದುಃಖ ಪ್ರತಿ ಹಬ್ಬಕ್ಕೂ ಹೊಸದಾಗುತ್ತದೆ. ಸೈನಿಕನನ್ನು ಗೌರವಿಸುವವರು ಈ ಅಂತರವನ್ನು ಮರೆಯಬಾರದು.

ಬದುಕಿರುವ ಸೈನಿಕನ ಮನೆಯಲ್ಲಿಯೂ ಮೌನವಾಗಿ ಸಾಗುವ ಸೇವೆಯೊಂದುಂಟು. ಸೀಗೆ ಹುಣ್ಣಿಮೆಯಂದು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಬೇಕು. ಗಂಡನಿಲ್ಲದ ಮನೆಯಲ್ಲಿ ಆ ಬುತ್ತಿಯನ್ನು ಹೊತ್ತು ನಡೆಯುವವಳು ಅವನ ಹೆಂಡತಿ. ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಆಳುಗಳನ್ನು ಗೊತ್ತುಮಾಡುವವಳೂ, ಕಬ್ಬಿಗೆ ನೀರು ಹಾಯಿಸುವವಳೂ, ಅತ್ತೆಯ ಔಷಧಕ್ಕೆ ಮುಧೋಳಕ್ಕೋ ಜಮಖಂಡಿಗೋ ಓಡುವವಳೂ, ಮಕ್ಕಳ ಪಾಠ ನೋಡುವವಳೂ ಅವಳೇ. ದೂರವಾಣಿಯಲ್ಲಿ ಗಂಡನು "ಎಲ್ಲಾ ಆರಾಮ ಐತೇನು?" ಎಂದು ಕೇಳಿದರೆ "ಆರಾಮ ಐತ್ರಿ" ಎಂದು ಹೇಳುತ್ತಾಳೆ. ಎತ್ತರದಲ್ಲಿ ನಿಂತವನ ಮನಸ್ಸು ಕದಡಬಾರದೆಂದು ಅವಳು ನುಂಗಿದ ಮಾತುಗಳೆಷ್ಟೋ! ಅವಳ ಎದೆಯ ಮೇಲೆ ಯಾವ ಪದಕವೂ ಇಲ್ಲ. ಆದರೂ ಗಡಿಯ ಆ ತುದಿಯನ್ನು ಅವನು ಕಾಯುವುದು ಮನೆಯ ಈ ತುದಿಯನ್ನು ಅವಳು ಕಾಯುವುದರಿಂದಲೇ. ಕೃಷ್ಣೆಯ ಆಲಮಟ್ಟಿಯಲ್ಲಿ ೧೯೬೪ರಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟ ಲಾಲ್ ಬಹಾದುರ್ ಶಾಸ್ತ್ರಿಯವರೇ ಮರುವರ್ಷ ಪ್ರಧಾನಿಯಾಗಿದ್ದಾಗ 'ಜೈ ಜವಾನ್, ಜೈ ಕಿಸಾನ್' ಎಂಬ ಘೋಷವನ್ನು ನಾಡಿಗೆ ಕೊಟ್ಟರು. ಆ ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ತಾಲೂಕಿನ ಅನೇಕ ಹಳ್ಳಿಗಳು ತಮ್ಮ ನೆಲವನ್ನು ತೆತ್ತವು. ಜವಾನನೂ ಕಿಸಾನನೂ ಒಂದೇ ಮನೆಯವರಾಗಿರುವುದನ್ನು ಈ ಸೀಮೆಯಲ್ಲಿ ಕಣ್ಣಾರೆ ಕಾಣಬಹುದು. ಜವಾನನು ಗಡಿಗೆ ಹೋದ ಮೇಲೆ ಕಿಸಾನನ ಪಾಲಿನ ದುಡಿಮೆ ಬಹುಮಟ್ಟಿಗೆ ಹೆಣ್ಣಿನ ಹೆಗಲಿಗೆ ಬೀಳುತ್ತದೆ.

ಹಬ್ಬಗಳ ಸಾಲು ದೀಪಾವಳಿಯಲ್ಲಿ ಮುಗಿಯುತ್ತದೆ. ಬಲಿಪಾಡ್ಯಮಿಯಂದು ನಮ್ಮ ಕಡೆ ಸಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ, ಮನೆಯ ಬಾಗಿಲಲ್ಲಿಯೂ ಒಲೆಯ ಬಳಿಯಲ್ಲಿಯೂ ಕೂಡಿಸುತ್ತಾರೆ. ಬನ್ನಿಯ ಗಿಡದಿಂದ ಆಯುಧಗಳನ್ನು ಇಳಿಸಿಕೊಂಡ ವೀರರು ಇಲ್ಲಿ ಬಿಲ್ಲುಬಾಣಗಳಿಲ್ಲದೆ, ಮನೆಯವರಂತೆ ಹೊಸ್ತಿಲಿಗೆ ಬಂದು ಕೂಡುತ್ತಾರೆ. ಗಲಗಲಿ ಅವ್ವನು ತನ್ನ ಮುಯ್ಯದ ಹಾಡುಗಳಲ್ಲಿ ಪಾಂಡವರನ್ನು ಕಂಡದ್ದೂ ಹೀಗೆಯೇ. ಅಲ್ಲಿ ಕುರುಕ್ಷೇತ್ರದ ರಕ್ತಪಾತವಿಲ್ಲ. ದ್ರೌಪದಿ, ಸುಭದ್ರೆಯರು ಬೀಗರಂತೆ ದ್ವಾರಕೆಗೆ ಬರುತ್ತಾರೆ. ರುಕ್ಮಿಣಿ, ಸತ್ಯಭಾಮೆಯರೊಡನೆ ಹಾಸ್ಯದ ಮಾತಿನಲ್ಲಿ ಸೆಣಸುತ್ತಾರೆ. ಕೊಟ್ಟದ್ದಕ್ಕೆ ಮರಳಿ ಕೊಡುವ ಉಡುಗೊರೆಯೇ ಮುಯ್ಯ. ಯುದ್ಧದ ಕಥೆಯಲ್ಲಿ ಹೆಂಗಸರಿಗೆ ಬೇಕಾದುದು ಯಾವುದು ಎಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ವೀರರು ಮನೆಗೆ ಬರಬೇಕು, ಅಣ್ಣ-ತಂಗಿಯರು ಕೂಡಬೇಕು, ಜಗಳವಾದರೆ ಅದು ನಗೆಯ ಜಗಳವಾಗಬೇಕು.

ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೋ ಒಬ್ಬರು ಹಿಮದಲ್ಲಿಯೋ ಮರಳಿನಲ್ಲಿಯೋ ಕಡಲಿನಲ್ಲಿಯೋ ಎಚ್ಚರವಾಗಿರುತ್ತಾರೆ. ಅವರು ನಮ್ಮ ಪಾಲಿನ ಎಚ್ಚರವನ್ನು ಹೊತ್ತಿದ್ದಾರೆ. ಆ ಮುಯ್ಯವನ್ನು ನಾವು ತೀರಿಸುವುದು ಹೇಗೆ? ಘೋಷಣೆಗಳಿಂದ ಅದು ತೀರುವುದಿಲ್ಲ. ಸೈನಿಕನ ಹೊಲದ ಬಿತ್ತನೆ ತಡವಾದರೆ ನೆರೆಯವನು ಕೂರಿಗೆಯೊಡನೆ ಹೋಗಬೇಕು. ಅವನ ತಂಗಿಗೆ ಪಂಚಮಿಯ ಕರೆ ತಪ್ಪದಂತೆ ಓಣಿಯ ಅಣ್ಣಂದಿರು ನೋಡಬೇಕು. ಅವನ ತಾಯಿಯ ಪತ್ರವನ್ನು ಬರೆದುಕೊಡಲು, ಅವನ ಮಗುವಿಗೆ ಲೆಕ್ಕ ಹೇಳಿಕೊಡಲು ಶಾಲೆ ಕಲಿಯುವ ಮಕ್ಕಳಿಗೂ ಸಾಧ್ಯ. ದೂರ ಇದ್ದವನ ಪಾಲನ್ನು ಇಲ್ಲಿರುವವರು ಎರೆಯಬೇಕೆಂಬ ಅಜ್ಜಿಯ ಮಾತು ಒಂದು ಮನೆಗೆ ಮಾತ್ರ ಸಲ್ಲುವ ಮಾತಲ್ಲ. ಊರಿಗೂ ನಾಡಿಗೂ ಸಲ್ಲುವಂಥದು.

ಪ್ರಶ್ನೆಗಳು

೧. ನಾಗರ ಪಂಚಮಿಯಂದು ಹಾಲೆರೆಯುವ ಪದ್ಧತಿಯನ್ನು ವಿವರಿಸಿರಿ. ಅಜ್ಜಿಯ ಉತ್ತರದ ಅರ್ಥವೇನು?
೨. ಸೈನಿಕನ ಪತ್ರದ ಮೇಲೆ ಅವನಿರುವ ಊರಿನ ಹೆಸರನ್ನು ಏಕೆ ಬರೆಯುವುದಿಲ್ಲ?
೩. ಸೀಮೋಲ್ಲಂಘನದ ಪದ್ಧತಿಗೆ ಇದ್ದ ಲೌಕಿಕ ಕಾರಣವನ್ನು ತಿಳಿಸಿರಿ.
೪. ಕೂಟ್ ಮುತ್ತಿಗೆಯಲ್ಲಿ ಭಾರತೀಯ ಸಿಪಾಯಿಗಳಿಗೆ ಒದಗಿದ ಧರ್ಮಸಂಕಟ ಯಾವುದು? ಅದರ ವಿಷಯದಲ್ಲಿ ನಿಮ್ಮ ಅಭಿಪ್ರಾಯವನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.
೫. "ಒಬ್ಬನ ಹಬ್ಬವು ಮತ್ತೊಬ್ಬನ ನಿದ್ದೆಗೇಡಿನ ಮೇಲೆ ನಿಂತಿರುತ್ತದೆ." ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
೬. ನಿಮ್ಮ ಊರಿನಲ್ಲಿ ಸೈನಿಕರ ಮನೆಯೊಂದಿದ್ದರೆ, ಮುಂದಿನ ಹಬ್ಬಕ್ಕೆ ನೀವು ಆ ಮನೆಗೆ ಯಾವ ಬಗೆಯಲ್ಲಿ ನೆರವಾಗಬಲ್ಲಿರಿ? ಸಹಪಾಠಿಗಳೊಡನೆ ಚರ್ಚಿಸಿರಿ.